ಬಾಗಲಕೋಟೆಯಲ್ಲಿ ರಾಕ್ ಸಂಗೀತ ನಾಟಕ ಮಾಡ್ತಿದ್ದೇವೆ. ಮೊದಲ ಪ್ರದರ್ಶನಕ್ಕೂ ಮುಂಚೆ ದುಡ್ಡು, ಪ್ರಚಾರ ಹೇಗೆ?

ಮೊದಲು ಹಾಡು ಹೊರಗೆ ಬಿಡಿ, ನಾಟಕ ಆಮೇಲೆ. ‘ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್’ ಅನ್ನೋ ರಾಕ್ ಸಂಗೀತ ನಾಟಕಕ್ಕೆ ಶುರುವಿನಲ್ಲಿ ರಂಗಕ್ಕೆ ದುಡ್ಡು ಹಾಕುವವರೇ ಸಿಗಲಿಲ್ಲ. 1970ರಲ್ಲಿ ಹಾಡುಗಳನ್ನೇ ಆಲ್ಬಂ ಮಾಡಿದರು. ಅಮೆರಿಕದಲ್ಲಿ ಅದು ಜೋರಾಗಿ ಓಡಿತು, 1971ರಲ್ಲಿ ನಾಟಕ ನ್ಯೂಯಾರ್ಕಿನ ದೊಡ್ಡ ರಂಗಮಂದಿರಗಳ ತಾಣವಾದ ಬ್ರಾಡ್‌ವೇ ಏರಿತು. ಜನರ ಬಾಯಲ್ಲಿ ಹಾಡು ಆಗಲೇ ಇತ್ತು ನೋಡಿ, ಅದಕ್ಕಿಂತ ದೊಡ್ಡ ಜಾಹೀರಾತು ಬೇಕಾ?

ನೀವೂ ಎರಡೇ ಹಾಡು ಚೆನ್ನಾಗಿ ರೆಕಾರ್ಡ್ ಮಾಡಿ ಯೂಟ್ಯೂಬ್‌ಗೆ ಹಾಕಿ. ಬಾದಾಮಿ ಬನಶಂಕರಿ ಜಾತ್ರೆ ನೋಡಿದ್ದೀರಿ ಅಲ್ವಾ? ನಾಟಕ ಕಂಪನಿಗಳ ಮೈಕು, ಬಣ್ಣದ ಬೋರ್ಡು, ಆ ಗದ್ದಲದಲ್ಲೇ ಜನ ಯಾವ ಟೆಂಟಿಗೆ ಹೋಗೋಣ ಅಂತ ನಿಂತು ಯೋಚಿಸುತ್ತಾರೆ. ಅಲ್ಲಿ ಗಿಟಾರ್ ಹಿಡಿದು ಒಂದು ಹಾಡು ಹಾಡಿ, ಮುಂಗಡ ಟಿಕೆಟ್ ಅಲ್ಲೇ ಮಾರಿ. ಕರಪತ್ರದ ಹಿಂಬದಿ ಇಳಕಲ್ ಸೀರೆ ಅಂಗಡಿಯವರಿಗೆ ಕೊಟ್ಟರೆ ಅಚ್ಚಿನ ಖರ್ಚು ಹುಟ್ಟುತ್ತದೆ. ಬಡ್ಡಿ ಸಾಲ ಮಾತ್ರ ದಯವಿಟ್ಟು ಬೇಡ.