ಮೂರನೇ ಸಲ ಫಾರ್ಮ್ಯಾಟ್ ಮಾಡುವ ಮೊದಲು ಡಿಸ್ಕ್ ನೋಡಿ

ಸರ್, ದಯವಿಟ್ಟು ಸ್ವಲ್ಪ ತಡೆಯಿರಿ. ಈ ಗುಂಪಿನಲ್ಲಿ ಹಾಕಿದ ಪೋಸ್ಟ್‌ನಲ್ಲಿ ನೀವು, ಕಂಪ್ಯೂಟರ್‌ನಲ್ಲಿ ಫೋಲ್ಡರ್ ತೆರೆಯಲು ಎರಡು ನಿಮಿಷ ಹಿಡಿಯುತ್ತದೆ, ಕೆಲವು ಫೈಲ್ ತೆರೆಯುವುದೇ ಇಲ್ಲ, ಎರಡು ಸಲ ಫಾರ್ಮ್ಯಾಟ್ ಮಾಡಿಸಿದರೂ ಹತ್ತೇ ದಿನಕ್ಕೆ ವೈರಸ್ ವಾಪಸ್ ಬಂತು ಅಂತ ಬರೆದಿದ್ದೀರಿ. ಅದರ ಕೆಳಗೆ ಐದಾರು ಜನ ಆಂಟಿವೈರಸ್ ಬದಲಿಸಿ, ಇನ್ನೊಮ್ಮೆ ಫಾರ್ಮ್ಯಾಟ್ ಹೊಡೆಯಿರಿ ಅಂದಿದ್ದಾರೆ. ಹಾಗೆ ಮಾಡಬೇಡಿ. 2018ರಲ್ಲಿ ನಾನು ಮಾಡಿದ್ದೂ ಇದೇ ತಪ್ಪು.

ನಮ್ಮದು ಸಣ್ಣ ಡಿಟಿಪಿ ಅಂಗಡಿ. ಗಿರಾಕಿಗಳ ಪೆನ್‌ಡ್ರೈವ್ ದಿನವೂ ಬರುತ್ತಿರುತ್ತವೆ, ಹಾಗಾಗಿ ಮಷೀನು ನಿಧಾನವಾದರೆ ಮೊದಲ ಅನುಮಾನ ವೈರಸ್ ಮೇಲೆಯೇ. ರಿಪೇರಿಯವರು ಮೂರು ಸಲ ಫಾರ್ಮ್ಯಾಟ್ ಮಾಡಿಕೊಟ್ಟರು. ಪ್ರತಿ ಸಲವೂ ಒಂದು ವಾರ ಚೆನ್ನಾಗಿ ಓಡುತ್ತಿತ್ತು. ನಾಲ್ಕನೇ ಸಲ ವಿಂಡೋಸ್ ಹಾಕುವಾಗಲೇ ಅರ್ಧಕ್ಕೆ ನಿಂತಿತು, ಒಳಗಿನಿಂದ ಟಕ್ ಟಕ್ ಸದ್ದು. ಒಂದು ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆ, 140 ಪುಟ, ಡಿ ಡ್ರೈವ್‌ನಲ್ಲಿತ್ತು. ಪೂರ್ತಿ ಹೋಯಿತು. ನಾನು, ನನ್ನ ಹೆಂಡತಿ ಹನ್ನೊಂದು ರಾತ್ರಿ ಕೂತು ಮತ್ತೆ ಟೈಪ್ ಮಾಡಿದೆವು. ಮೊದಲ ಫಾರ್ಮ್ಯಾಟ್‌ಗೆ ಮುಂಚೆ ಹತ್ತು ನಿಮಿಷ ಡಿಸ್ಕ್ ನೋಡಿದ್ದರೆ ಎಲ್ಲವೂ ಉಳಿಯುತ್ತಿತ್ತು.

ಫಾರ್ಮ್ಯಾಟ್ ಆದ ಮೇಲೆ ಒಂದು ವಾರ ಚೆನ್ನಾಗಿ ಓಡುವುದು ಯಾಕೆ ಗೊತ್ತಾ? ಓದಲಾಗದ ಸೆಕ್ಟರ್ (ಡಿಸ್ಕ್‌ನಲ್ಲಿ ಡೇಟಾ ಇಡುವ ಸಣ್ಣ ತುಣುಕು) ಸಿಕ್ಕರೆ ಡಿಸ್ಕ್ ಅದನ್ನು ಪೆಂಡಿಂಗ್ ಅಂತ ಗುರುತು ಹಾಕಿ, ಮತ್ತೆ ಮತ್ತೆ ಓದಲು ನೋಡುತ್ತದೆ. ಹ್ಯಾಂಗ್ ಆಗುವುದು ಆಗಲೇ. ಅದೇ ಜಾಗಕ್ಕೆ ಹೊಸದಾಗಿ ಬರೆದಾಗ ಕೆಟ್ಟ ಸೆಕ್ಟರ್ ಬಿಟ್ಟು ಮೀಸಲು ಸೆಕ್ಟರ್ ಕೊಡುತ್ತದೆ. ವಿಂಡೋಸ್ ಹೊಸದಾಗಿ ಬಿದ್ದ ಕೂಡಲೇ ಎಲ್ಲ ಸರಿಯಾದಂತೆ ಕಾಣುತ್ತದೆ. ಆಮೇಲೆ ಹೊಸ ಜಾಗ ಕೆಡುತ್ತದೆ. ನಾವು ವೈರಸ್ ಮತ್ತೆ ಬಂತು ಅನ್ನುತ್ತೇವೆ.

ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ನೋಡಿ, ಉಚಿತ. ಅದರ ಪಟ್ಟಿಯಲ್ಲಿ 05 (ಬದಲಿಸಿದ ಸೆಕ್ಟರ್), ಸಿ5 (ಪೆಂಡಿಂಗ್ ಸೆಕ್ಟರ್), ಸಿ6 (ಸರಿಪಡಿಸಲಾಗದ ಸೆಕ್ಟರ್) ಈ ಮೂರು ಸಾಲಿನ ರಾ ವ್ಯಾಲ್ಯೂ, ಅಂದರೆ ಮೂಲ ಎಣಿಕೆ, ಸೊನ್ನೆ ಇರಬೇಕು. 05ರಲ್ಲಿ ಸಣ್ಣ ಅಂಕಿ ಇದ್ದು ತಿಂಗಳುಗಟ್ಟಲೆ ಏರದಿದ್ದರೆ ಕಣ್ಣಿಟ್ಟು ಬಳಸಬಹುದು. ಸಿ5 ಏರುತ್ತಿದ್ದರೆ ಅವತ್ತೇ ಡೇಟಾ ತೆಗೆಯಿರಿ. ಸಿ7 ಮಾತ್ರ ಏರುತ್ತಿದ್ದರೆ ಸಾಮಾನ್ಯವಾಗಿ ಅದು ಡಿಸ್ಕ್ ಮತ್ತು ಬೋರ್ಡ್ ನಡುವಿನ ಸಾಟಾ ಕೇಬಲ್ ದೋಷ, ಮೊದಲು ಕೇಬಲ್ ಬದಲಿಸಿ. ಸೀಗೇಟ್ ಡಿಸ್ಕ್‌ನಲ್ಲಿ 01 ಮತ್ತು 07ರ ಎದುರು ದೊಡ್ಡ ಅಂಕಿ ಕಂಡರೆ ಗಾಬರಿ ಬೇಡ, ಅದು ಹಾಗೇ ಇರುತ್ತದೆ. ಇನ್ನೊಂದು ಮಾತು. ನೀಲಿ ಬಣ್ಣದಲ್ಲಿ ಗುಡ್ ಅಂತ ಬಂದ ಮಾತ್ರಕ್ಕೆ ಡಿಸ್ಕ್ ಪೂರ್ತಿ ಸರಿ ಇದೆ ಅಂತ ಅಲ್ಲ. ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ, ಚಿಪ್‌ನ ಡಿಸ್ಕ್) ಅಂತೂ ಸೂಚನೆಯೇ ಕೊಡದೆ ಕೈ ಕೊಡುವುದುಂಟು.

ಅದಕ್ಕೇ ನಾನು ಲೈವ್ ಪೆನ್‌ಡ್ರೈವ್, ಅಂದರೆ ವಿಂಡೋಸ್ ಬದಲು ತಾನೇ ಕಂಪ್ಯೂಟರ್ ಓಡಿಸುವ ಪೆನ್‌ಡ್ರೈವ್, ನಂಬುವುದು. 8 ಜಿಬಿ ಪೆನ್‌ಡ್ರೈವ್‌ಗೆ ರೂಫಸ್ ಎಂಬ ತಂತ್ರಾಂಶದಿಂದ ಲಿನಕ್ಸ್ ಮಿಂಟ್ (ವಿಂಡೋಸ್‌ನಂತಹ ಇನ್ನೊಂದು ವ್ಯವಸ್ಥೆ) ಹಾಕಿ. ಬೇರೆ ಕಂಪ್ಯೂಟರ್‌ನಲ್ಲಿ ತಯಾರು ಮಾಡಿ, ಕೆಟ್ಟಿರುವುದರಲ್ಲಿ ಅಲ್ಲ. ಅದರಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಒತ್ತದೆ, ಅರ್ಧ ಗಂಟೆ ವಿಡಿಯೋ ಓಡಿಸಿ. ಆಗ ವಿಂಡೋಸ್ ಓಡುವುದೇ ಇಲ್ಲ, ಅದರೊಳಗಿನ ವೈರಸ್ಸೂ ಓಡುವುದಿಲ್ಲ. ಅಲ್ಲೂ ಹ್ಯಾಂಗ್ ಆದರೆ ರ‍್ಯಾಮ್, ಬಿಸಿ, ಎಸ್‌ಎಂಪಿಎಸ್ (ಒಳಗೆ ಕರೆಂಟ್ ಕೊಡುವ ಪೆಟ್ಟಿಗೆ) ಅಥವಾ ಮದರ್‌ಬೋರ್ಡ್ ಕಡೆ ನೋಡಿ. ಸರಾಗವಾಗಿ ಓಡಿತು ಅಂತ ಇಲ್ಲಿಗೇ ನಿಲ್ಲಿಸಬೇಡಿ. ಲೈವ್‌ನಲ್ಲಿ ಹಾರ್ಡ್ ಡಿಸ್ಕ್ ಸುಮ್ನೆ ಕೂತಿರುತ್ತದೆ. ಹಾರ್ಡ್ ಡಿಸ್ಕ್‌ನಿಂದ ಮೂರ್ನಾಲ್ಕು ಜಿಬಿಯ ಫೈಲನ್ನು ಹೊರಗಿನ ಡ್ರೈವ್‌ಗೆ ಕಾಪಿ ಮಾಡಿ. ನಡುವೆ ನಿಂತು ಇನ್‌ಪುಟ್ ಔಟ್‌ಪುಟ್ ಎರರ್ ಬಂದರೆ ಡಿಸ್ಕ್ ಕೆಟ್ಟಿದೆ, ಅಥವಾ ಅದರ ಕೇಬಲ್. ಕಾಪಿಯೂ ಸರಾಗವಾಗಿ ಆದರೆ ಆಗ ವಿಂಡೋಸ್ ಮೇಲೆ, ವೈರಸ್ ಮೇಲೆ ಅನುಮಾನ ಪಡಿ. ಮಹತ್ವದ ಫೈಲ್ ಇದ್ದರೆ ಆ ಪರೀಕ್ಷೆ ಅವುಗಳಿಂದಲೇ ಶುರುವಾಗಲಿ. ಟಕ್ ಟಕ್ ಸದ್ದು ಬಂದರೆ ಪರೀಕ್ಷೆಯೂ ಬೇಡ, ಆಫ್ ಮಾಡಿ ಡೇಟಾ ರಿಕವರಿಯವರ ಹತ್ತಿರ ಹೋಗಿ. ಡೇಟಾ ತೆಗೆಯುವ ಮೊದಲು ವಿಂಡೋಸ್‌ನ ಡಿಸ್ಕ್ ರಿಪೇರಿ ಸಾಧನ ಚೆಕ್‌ಡಿಸ್ಕ್ ಓಡಿಸಲೇಬೇಡಿ. ಸಾಯುತ್ತಿರುವ ಡಿಸ್ಕ್‌ಗೆ ಅದು ಇನ್ನಷ್ಟು ಹೊರೆ.

ರ‍್ಯಾಮ್ ಮೇಲೆ ಅನುಮಾನ ಇದ್ದರೆ ಅದನ್ನು ಪರೀಕ್ಷಿಸುವ ಮೆಮ್‌ಟೆಸ್ಟ್86 ಹಾಕಿ ರಾತ್ರಿ ಬಿಡಿ. ಒಂದೇ ಒಂದು ಎರರ್ ಬಂದರೂ ಅದು ಎರರ್ರೇ. ರ‍್ಯಾಮ್ ಸ್ಟಿಕ್‌ಗಳನ್ನು ತೆಗೆದು, ಅವುಗಳ ಚಿನ್ನದ ಬಣ್ಣದ ಕಾಲುಗಳನ್ನು ಪೆನ್ಸಿಲ್ ರಬ್ಬರ್‌ನಿಂದ ಉಜ್ಜಿ, ಒಂದೊಂದೇ ಸ್ಟಿಕ್ ಹಾಕಿ ನೋಡಿ. ವಿಂಡೋಸ್‌ಗೂ ಮುಂಚೆ ಬರುವ ಬಯೋಸ್ ಪರದೆಯಲ್ಲೇ ಮಷೀನು ನಿಲ್ಲುತ್ತಿದ್ದರೆ ಆಂಟಿವೈರಸ್ ಸುದ್ದಿಗೇ ಹೋಗಬೇಡಿ.

ಹಾಗಂತ ವೈರಸ್ ಇರುವುದೇ ಇಲ್ಲ ಅಂತಲ್ಲ. ಈಗಿನ ವೈರಸ್ ಬರುವುದು ದುಡ್ಡಿಗೆ, ಇಲ್ಲವೇ ಪಾಸ್‌ವರ್ಡ್‌ಗೆ. ಸುಮ್ಮನೆ ಕೂತಾಗ ಫ್ಯಾನ್ ಜೋರಾಗಿ, ಟಾಸ್ಕ್ ಮ್ಯಾನೇಜರ್ ತೆರೆದ ಕೂಡಲೇ ತಣ್ಣಗಾದರೆ ಯಾರೋ ನಿಮ್ಮ ಮಷೀನಿನಲ್ಲಿ ಕ್ರಿಪ್ಟೋ ಮೈನಿಂಗ್ (ಡಿಜಿಟಲ್ ನಾಣ್ಯ ಗಳಿಸುವ ಲೆಕ್ಕಾಚಾರ) ಮಾಡುತ್ತಿರಬಹುದು. ಅಪ್‌ಡೇಟ್ ಸಮಯದಲ್ಲೂ ಫ್ಯಾನ್ ಹಾಗೆ ಕೂಗುತ್ತದೆ, ಎರಡು ಮೂರು ದಿನ ನೋಡಿ ತೀರ್ಮಾನಿಸಿ. ಫೈಲ್‌ಗಳ ಕೊನೆಯ ಹೆಸರು ಬದಲಾಗಿ ದುಡ್ಡು ಕೇಳುವ ಚೀಟಿ ಸಿಕ್ಕರೆ ತಕ್ಷಣ ನೆಟ್ ಕಿತ್ತು ಹಾಕಿ. ಬಲಮೂಲೆಯಲ್ಲಿ ಬರುವ ಪಾಪ್ಅಪ್ ಮಾತ್ರ ಹೆಚ್ಚಾಗಿ ನೀವೇ ಅಲೋ ಒತ್ತಿದ ಕ್ರೋಮ್ ನೋಟಿಫಿಕೇಷನ್, ಸೆಟ್ಟಿಂಗ್ಸ್‌ನಲ್ಲಿ ತೆಗೆದರೆ ಮುಗಿಯಿತು. ಅದರಲ್ಲಿರುವ ಫೋನ್ ನಂಬರಿಗೆ ಯಾವತ್ತೂ ಕರೆ ಮಾಡಬೇಡಿ. ಹಣ ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇಲ್ಲಿ ಒಂದು ಮಾತು ಬೈದೇ ಹೇಳುತ್ತೇನೆ. ಕ್ರ್ಯಾಕ್ (ದುಡ್ಡು ಕೊಡದೆ ತಂತ್ರಾಂಶ ಓಡಿಸುವ ಕಳ್ಳ ಫೈಲ್) ಹಾಕಲು ಆಂಟಿವೈರಸ್ ಆಫ್ ಮಾಡಿ ಅಂತ ಈ ಗುಂಪಿನಲ್ಲೇ ಹೇಳಿಕೊಡುವವರಿದ್ದಾರೆ. ನಿಲ್ಲಿಸಿ. ಬಾಗಿಲು ತೆಗೆದಿಟ್ಟು ಕಳ್ಳ ಬಂದ ಅಂದರೆ ಹೇಗೆ? ಮನೆ ಬಳಕೆಗೆ ವಿಂಡೋಸ್ ಜೊತೆಗೇ ಬರುವ ಡಿಫೆಂಡರ್ ಸಾಕು, ಜೊತೆಗೆ ಅದರ ಆಫ್‌ಲೈನ್ ಸ್ಕ್ಯಾನ್, ಅಂದರೆ ವಿಂಡೋಸ್ ಓಡದಿರುವಾಗ ಮಾಡುವ ತಪಾಸಣೆ. ಅದು ಸುಮಾರು 15 ನಿಮಿಷ. ಕ್ವಿಕ್ ಹೀಲ್, ಕೆ7 ದುಡ್ಡು ಕೊಟ್ಟು ತಂದಿದ್ದರೆ ಇರಲಿ, ಆದರೆ ಎರಡು ಆಂಟಿವೈರಸ್ ಒಟ್ಟಿಗೆ ಬೇಡ. ಸ್ಪೀಡ್ ಹೆಚ್ಚಿಸುತ್ತೇವೆ ಅನ್ನುವ ಕ್ಲೀನರ್‌ಗಳೂ ಬೇಡ.

ಎಲ್ಲ ವೆಬ್‌ಸೈಟ್‌ನಲ್ಲೂ ಕನೆಕ್ಷನ್ ಸುರಕ್ಷಿತವಲ್ಲ ಅಂತ ಬಂದರೆ ಮೊದಲು ದಿನಾಂಕ ನೋಡಿ. ಹಳೇ ವರ್ಷ ತೋರಿಸುತ್ತಿದ್ದರೆ ಬೋರ್ಡ್ ಮೇಲಿನ ಸಿಆರ್2032 ಬ್ಯಾಟರಿ ಹೋಗಿದೆ. ನಾಣ್ಯದಂತಹ ಬ್ಯಾಟರಿ, ಕಡಿಮೆ ದುಡ್ಡು. ಇದಕ್ಕೂ ಫಾರ್ಮ್ಯಾಟ್ ಮಾಡಿಸಿದವರನ್ನು ನೋಡಿದ್ದೇನೆ.

ಇವತ್ತು ರಾತ್ರಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಪರದೆಯ ಫೋಟೋ ಇಲ್ಲಿ ಹಾಕಿ. ಸೀರಿಯಲ್ ನಂಬರ್ ಮುಚ್ಚಿ ಹಾಕಿ. ಸಿ5 ಎಷ್ಟಿದೆ ಅಂತ ನೋಡಿ ಮುಂದಿನದು ಹೇಳುತ್ತೇನೆ, ಅಲ್ಲಿಯವರೆಗೆ ಯಾರು ಏನೇ ಹೇಳಿದರೂ ಫಾರ್ಮ್ಯಾಟ್ ಬೇಡ.