ಅಜ್ಜನ ಕಟ್ಟು, ಸರ್ಕಾರದ ಕಟ್ಟು

ಪ್ರಶ್ನೆ: ನಮ್ಮದು ಟ್ರಾಲರ್ ಬೋಟು. ಜೂನ್ ಬಂತೆಂದರೆ ಸರ್ಕಾರ ಕಡಲಿಗೆ ಇಳಿಯಬೇಡಿ ಅನ್ನುತ್ತದೆ. ನಮ್ಮ ಅಜ್ಜನೂ ಮಳೆಗಾಲದಲ್ಲಿ ದಡದಲ್ಲೇ ಇರುತ್ತಿದ್ದ, ಯಾರ ಅಪ್ಪಣೆಯೂ ಇಲ್ಲದೆ. ಎರಡೂ ಒಂದೇ ಅಲ್ವಾ? ಮಗ ಮಾತ್ರ, ಯಾವ ಕಟ್ಟೂ ಇಲ್ಲದಿದ್ದರೇ ಸ್ವತಂತ್ರ ಅನ್ನುತ್ತಾನೆ.
– ಒಬ್ಬ ಓದುಗರು, ಬೈತಖೋಲ, ಕಾರವಾರ

ಉತ್ತರ: ಮಗನ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಅಜ್ಜನಿಗೂ ಕಟ್ಟು ಇತ್ತು. ಶ್ರಾವಣದ ನಾರಳಿ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟ ಮೇಲೇ ದೊಡ್ಡ ದೋಣಿ ನೀರಿಗೆ. ಆದರೆ ಆ ಕಟ್ಟು ಹಾಕಿದವರು ಕೇರಿಯ ಹಿರಿಯರು. ಮುರಿದವನನ್ನು ಕರೆದು ಕೇಳುವವರೂ ಅವರೇ. ಅಜ್ಜನಿಗೆ ಅಲ್ಲಿ ಬಾಯಿ ಇತ್ತು.

ಈಗಿನದು ಜೂನ್ 1ರಿಂದ ಜುಲೈ 31, ಒಟ್ಟು 61 ದಿನ. ಯಂತ್ರದ ಬೋಟಿಗೆ ನಿಷೇಧ, ನಾಡದೋಣಿಗೆ ವಿನಾಯಿತಿ. ಮೀನು ಮೊಟ್ಟೆ ಇಡುವ ಹೊತ್ತು, ಉದ್ದೇಶ ಒಳ್ಳೆಯದೇ. (ಆ ದಿನಗಳಲ್ಲಿ ಬಂಗಡೆ ದರ ಕೇಳಿದರೆ ನನಗೂ ಸಿಟ್ಟು ಬರುತ್ತದೆ, ಅದು ಬೇರೆ ಮಾತು.) ಮೀನು ಉಳಿಯಲಿ ಅಂತ ನೀವೇ ಒಪ್ಪಿ ಕೂತರೆ ಅದು ಅಜ್ಜನ ಕಟ್ಟೇ. ದಂಡಕ್ಕೆ ಹೆದರಿ ಕೂತರೆ ಬೇರೆ.

ಲೈಟ್ ಮೀನುಗಾರಿಕೆ ನೋಡಿ, ರಾತ್ರಿ ಕಡಲಿಗೆ ಜೋರು ಬೆಳಕು ಬಿಟ್ಟು ಮೀನು ಸೆಳೆದು ಹಿಡಿಯುವುದು. 2017ರಲ್ಲೇ ಕೇಂದ್ರ ಸರ್ಕಾರ ನಿಷೇಧಿಸಿದೆ. ಆದರೂ ಜನರೇಟರ್ ಇಟ್ಟು ರಾತ್ರಿ ಲೈಟ್ ಬಿಡುವವರಿದ್ದಾರೆ. ಗಸ್ತಿನ ಬೋಟು ಬಂದರೆ ಆರಿಸುವುದು, ಹೋದರೆ ಹೊತ್ತಿಸುವುದು. ಅಂಥವನು ತಾನೇ ಧಣಿ ಅಂದುಕೊಂಡಿರುತ್ತಾನೆ. ಅವನ ರಾತ್ರಿಯನ್ನು ನಡೆಸುವುದು ಗಸ್ತಿನ ಬೋಟು!

ಬೋಟಿನವರಿಗೆ ಮುಂಗಡ ಸಾಲ ಕೊಡುವ ಮೀನು ವ್ಯಾಪಾರಿಯ ವಿಷಯ ನೀವು ಬರೆದಿಲ್ಲ. ಮೀನು ಅವನಿಗೇ ಹಾಕಬೇಕು, ಅವನು ಹೇಳಿದ್ದೇ ದರ. ಸಾಲ ಜಾಸ್ತಿಯಾದರೆ ಗಾಳಿ ಎದ್ದ ದಿನವೂ ಬೋಟು ಬಿಡಬೇಕು. ಸರ್ಕಾರದ ಕಟ್ಟು ಎರಡು ತಿಂಗಳು, ಇವನದು ವರ್ಷವಿಡೀ. ಮಗನಿಗೆ ಇದು ಕಾಣುತ್ತಿಲ್ಲವೇ?

ತಾವೇ ಹಾಕಿಕೊಂಡ ಕಟ್ಟು ನೋಡಬೇಕೇ? ಕುಮಟಾ ಪೇಟೆಯ ಮಗ್ಗುಲಲ್ಲೇ ಹಳಕಾರ ಅನ್ನುವ ಊರಿದೆ. ಬ್ರಿಟಿಷರ ಕಾಲದಿಂದ ಅಲ್ಲಿ ಊರಿನವರದೇ ಅರಣ್ಯ ಪಂಚಾಯತ. ಕಾವಲುಗಾರನನ್ನು ಇಟ್ಟುಕೊಂಡವರು ಊರಿನವರು, ಸೊಪ್ಪು ಸೌದೆಯ ನಿಯಮವೂ ಅವರದೇ. ನಿಯಮ ಸಡಿಲವೇನಲ್ಲ. ಕಾಡು ಉಳಿದಿದೆ.

ಮಗನನ್ನು ಕರೆದುಕೊಂಡು ಒಮ್ಮೆ ನಿಮ್ಮ ಸಂಘದ ಸಭೆಗೆ ಹೋಗಿ. ಬಲೆಯ ಕಣ್ಣು ಎಷ್ಟಿರಬೇಕು, ಲೈಟ್ ಬಿಟ್ಟವನನ್ನು ಸಂಘ ಏನು ಮಾಡಬೇಕು, ನೀವೇ ಕೂತು ಮಾತಾಡಿ. ಸರ್ಕಾರದ್ದಕ್ಕಿಂತ ಬಿಗಿಯಾದ ಕಟ್ಟು ನೀವೇ ಹಾಕಿಕೊಂಡರೆ ಬೇಡ ಅನ್ನುವವರು ಯಾರು? ಜಗಳ ಆಗುತ್ತದೆ, ಪರ್ಸಿನ್ ಬೋಟಿನವರು (ದೊಡ್ಡ ಬಲೆ ಸುತ್ತುಹಾಕಿ ಮೀನಿನ ಹಿಂಡನ್ನೇ ಎತ್ತುವವರು) ಎದ್ದು ಹೋದರೂ ಹೋದರೇ. ಮೊದಲ ಮಾತು ಮಗನೇ ಎತ್ತಲಿ.