6 ವೋಲ್ಟ್ ಬ್ಯಾಟರಿಗೆ 12 ವೋಲ್ಟ್ ಚಾರ್ಜರ್ ಹಾಕಬಹುದೇ?

ಪ್ರಶ್ನೆ: ನಮ್ಮ ತಂದೆಯವರ ಹಳೆಯ ಯೆಜ್ಡಿ ಬೈಕಿನ 6 ವೋಲ್ಟ್, 12 ಆಂಪಿಯರ್-ಅವರ್ ಬ್ಯಾಟರಿ ಕೆಲವು ತಿಂಗಳಿಂದ ಬಳಕೆಯಿಲ್ಲದೆ ಇಳಿದುಹೋಗಿದೆ. ಮನೆಯಲ್ಲಿರುವುದು ಕಾರಿನ 12 ವೋಲ್ಟ್ ಚಾರ್ಜರ್ ಮಾತ್ರ. ಅದನ್ನೇ ಅರ್ಧ ಗಂಟೆ ಹಾಕಿ ತೆಗೆದರೆ ಸಾಕೆಂದು ಗ್ಯಾರೇಜಿನವರು ಹೇಳುತ್ತಾರೆ. ಹಾಗೆ ಮಾಡಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನೇರವಾಗಿ ಹಾಕಬೇಡಿ, ಅರ್ಧ ಗಂಟೆಯ ಮಟ್ಟಿಗೂ ಬೇಡ. ನಿಮ್ಮ ಬ್ಯಾಟರಿಯಲ್ಲಿರುವುದು ಮೂರೇ ಸೆಲ್. ಅದು ಪೂರ್ತಿ ತುಂಬುವುದಕ್ಕೆ 7.2 ವೋಲ್ಟ್ ಸಾಕು. ಕಾರಿನ ಚಾರ್ಜರ್ ಆರು ಸೆಲ್‌ಗಳಿಗೆಂದು 14.4 ವೋಲ್ಟ್‌ವರೆಗೆ ಒತ್ತುವುದರಿಂದ, ಮಿತಿಮೀರಿದ ಕರೆಂಟ್ ಹರಿದು ಆಸಿಡ್ ಕುದಿಯುವಂತೆ ಗುಳ್ಳೆ ಏಳುತ್ತದೆ, ಪ್ಲೇಟ್‌ಗಳು ಬಿಸಿಯಾಗಿ ಡೊಂಕಾಗುತ್ತವೆ, ಹೊರಬರುವ ಹೈಡ್ರೋಜನ್ ಒಂದು ಕಿಡಿ ತಗುಲಿದರೂ ಸಿಡಿಯಬಲ್ಲದು. ಇನ್ನು ಹೊಸ ಬಗೆಯ ಆಟೊಮ್ಯಾಟಿಕ್ ಚಾರ್ಜರ್‌ಗಳಲ್ಲಿ ಹಲವು, ಇಷ್ಟು ಕಡಿಮೆ ವೋಲ್ಟೇಜ್ ಕಂಡೊಡನೆ ಚಾಲೂ ಆಗುವುದೇ ಇಲ್ಲ.

ಮೊದಲು ಬ್ಯಾಟರಿಯನ್ನು ಬೈಕಿನಿಂದ ಬಿಚ್ಚಿ, ಮಲ್ಟಿಮೀಟರ್‌ನಿಂದ ಅಳೆಯಿರಿ. 6 ವೋಲ್ಟ್‌ನ ಆಸುಪಾಸಿನಲ್ಲಿದ್ದರೆ ಬರೀ ಇಳಿದಿದೆ ಎಂದರ್ಥ. 4.2ರ ಹತ್ತಿರ ನಿಂತಿದ್ದರೆ ಬಹುಶಃ ಒಂದು ಸೆಲ್ ಸತ್ತಿದೆ. ಅಂಥದಕ್ಕೆ ಯಾವ ಚಾರ್ಜರ್ ಹಾಕಿದರೂ ಉಳಿದೆರಡು ಸೆಲ್‌ಗಳಿಗೇ ಪೆಟ್ಟು. ಪ್ಲೇಟ್ ಕಾಣುವಷ್ಟು ಆಸಿಡ್ ತಗ್ಗಿದ್ದರೆ ಪ್ಲೇಟ್ ಮುಳುಗುವಷ್ಟು ಮಾತ್ರ ಡಿಸ್ಟಿಲ್ಡ್ ವಾಟರ್ ಹಾಕಿ, ಪೂರ್ತಿ ಮಟ್ಟಕ್ಕೆ ಚಾರ್ಜ್ ಮುಗಿದ ಮೇಲೆ ತನ್ನಿ.

6 ವೋಲ್ಟ್, 1 ಆಂಪಿಯರ್‌ನ ಚಾರ್ಜರ್ ಕೊಳ್ಳುವುದೇ ನನ್ನ ಸಲಹೆ. ಇಲ್ಲವೇ ಬ್ಯಾಟರಿ ಅಂಗಡಿಗೆ ಒಯ್ದು, 1 ಆಂಪಿಯರ್ ಮೀರದಂತೆ ನಿಧಾನವಾಗಿ ಚಾರ್ಜ್ ಮಾಡಲು ಸ್ಪಷ್ಟವಾಗಿ ಹೇಳಿ. ಬೇರೆ ದೊಡ್ಡ ಬ್ಯಾಟರಿಗಳ ಸಾಲಿಗೆ ಸೇರಿಸಿದರೆ ಅವುಗಳ ಕರೆಂಟೇ ಇದರಲ್ಲಿಯೂ ಹರಿಯುತ್ತದೆ. ಎರಡೂ ಆಗದಿದ್ದರೆ, ನಿಮ್ಮದು ಹಳೆಯ ಟ್ರಾನ್ಸ್‌ಫಾರ್ಮರ್ ಚಾರ್ಜರ್ ಆಗಿದ್ದ ಪಕ್ಷದಲ್ಲಿ, ಅದರ ಪಾಸಿಟಿವ್ ವೈರಿಗೂ ಬ್ಯಾಟರಿಯ ಪಾಸಿಟಿವ್‌ಗೂ ನಡುವೆ 12 ವೋಲ್ಟ್, 10 ವ್ಯಾಟ್‌ನ ಬಲ್ಬ್ ಸೇರಿಸಬಹುದು. ಹೆಚ್ಚುವರಿ ವೋಲ್ಟೇಜನ್ನು ಬಲ್ಬ್ ತಾನು ಹೊತ್ತುಕೊಂಡು ಮಂದವಾಗಿ ಉರಿಯುತ್ತದೆ. ಬ್ಯಾಟರಿಗೆ ಹೋಗುವುದು ಸುಮಾರು 0.6 ಆಂಪಿಯರ್ ಮಾತ್ರ. 21 ವ್ಯಾಟ್‌ನ ಇಂಡಿಕೇಟರ್ ಬಲ್ಬ್ ಹಾಕಿದರೆ ಅದು 1.3 ಆಂಪಿಯರ್‌ನಷ್ಟಾಗುತ್ತದೆ, ಈ ಬ್ಯಾಟರಿಗೆ ಕೊಂಚ ಜಾಸ್ತಿಯೇ.

ಆದರೆ ಬ್ಯಾಟರಿ ತುಂಬಿತೆಂದು ಬಲ್ಬ್‌ಗೆ ತಿಳಿಯುವುದಿಲ್ಲ. ಆದ್ದರಿಂದ ರಾತ್ರಿ ಹಾಕಿ ಮಲಗಬೇಡಿ; ಗಂಟೆಗೊಮ್ಮೆ ಟರ್ಮಿನಲ್‌ಗಳ ಮೇಲೆ ಅಳೆದು, 7.2 ತಲುಪಿದೊಡನೆ ನಿಲ್ಲಿಸಿ. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಾದರೆ 7.05ಕ್ಕೇ ನಿಲ್ಲಿಸುವುದು ಲೇಸು, ಏಕೆಂದರೆ ಶಾಖ ಏರಿದಷ್ಟೂ ಬ್ಯಾಟರಿಗೆ ಬೇಕಾದ ವೋಲ್ಟೇಜ್ ಇಳಿಯುತ್ತದೆ. ನೀರು ಹಾಕಲಾಗದ ಸೀಲ್ಡ್ ಬ್ಯಾಟರಿಗೆ ಈ ಉಪಾಯ ಬೇಡವೇ ಬೇಡ.

ಗಾಳಿಯಾಡುವ ಜಾಗದಲ್ಲಿ, ಸೆಲ್‌ಗಳ ಮುಚ್ಚಳ ಸಡಿಲಿಸಿ ಚಾರ್ಜ್ ಮಾಡಿ. ಕ್ಲಿಪ್ ಸಿಕ್ಕಿಸಿದ ಮೇಲೆಯೇ ಸ್ವಿಚ್ ಹಾಕಬೇಕು. ತೆಗೆಯುವಾಗ ಮೊದಲು ಸ್ವಿಚ್ ಆರಿಸಿ ಆಮೇಲೆ ಕ್ಲಿಪ್ ಬಿಚ್ಚಬೇಕು. ಚಾರ್ಜ್ ಆದ ಬ್ಯಾಟರಿಯನ್ನು ಒಂದು ದಿನ ಸುಮ್ಮನೆ ಇಟ್ಟು ಮತ್ತೆ ಅಳೆಯಿರಿ: 6.3 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಬೈಕಿಗೆ ಕೂರಿಸಬಹುದು, 6ಕ್ಕಿಂತ ಕೆಳಗಿಳಿದಿದ್ದರೆ ಹೊಸದನ್ನೇ ಕೊಳ್ಳಬೇಕಾಗುತ್ತದೆ.